ಸಾವಿಗೂ ಸಂಸ್ಕಾರಕ್ಕೂ ನಡುವಿನ ಹೊತ್ತು

ಉಸಿರು ನಿಂತ ಗಳಿಗೆಯಿಂದ ದೇಹವು ಮಣ್ಣನ್ನೋ ಬೆಂಕಿಯನ್ನೋ ಸೇರುವವರೆಗಿನ ಅವಧಿಯು ಕರ್ನಾಟಕದ ಹೆಚ್ಚಿನ ಮನೆಗಳಲ್ಲಿ ಒಂದು ಹಗಲನ್ನೋ ಒಂದು ರಾತ್ರಿಯನ್ನೋ ಮೀರುವುದಿಲ್ಲವಾದರೂ, ಸತ್ತವರೊಡನೆ ಬಾಳಿದವರ ಪಾಲಿಗೆ ಆ ಕೆಲವೇ ಗಂಟೆಗಳು ವರ್ಷಗಟ್ಟಲೆ ನೆನಪಿನಲ್ಲಿ ಉಳಿಯುತ್ತವೆ. ಚಿತೆ, ಸಮಾಧಿ, ಉತ್ತರಕ್ರಿಯೆ, ತಿಥಿ ಮೊದಲಾದವುಗಳ ಬಗ್ಗೆ ಧರ್ಮಶಾಸ್ತ್ರ ಬಲ್ಲವರೂ ಜಾನಪದ ವಿದ್ವಾಂಸರೂ ಸಾಕಷ್ಟು ಬರೆದಿದ್ದಾರೆ. ಅವೆಲ್ಲಕ್ಕೂ ಮೊದಲು, ಪಡಸಾಲೆಯಲ್ಲೋ ಅಂಗಳದಲ್ಲೋ ದೇಹವನ್ನು ಮಲಗಿಸಿ ಮನೆಯವರು ಅದರ ಮಗ್ಗುಲಲ್ಲಿ ಕೂತಿರುವ ಹೊತ್ತಿಗೆ ಅಷ್ಟು ಗಮನ ಸಂದಿಲ್ಲ. ಸಾವು ನಿಜವಾಗಿಯೂ ಸಂಭವಿಸಿದೆ ಎಂಬುದನ್ನು ಕಣ್ಣೂ ಕೈಯೂ ಸೇರಿ ಮನಸ್ಸಿಗೆ ಒಪ್ಪಿಸುವ ಕೆಲಸ ಬಹುಮಟ್ಟಿಗೆ ನಡೆಯುವುದು ಆಗಲೇ. ಆಸ್ಪತ್ರೆ, ಶವಾಗಾರ, ಆಂಬುಲೆನ್ಸ್, ವಿದ್ಯುತ್ ಚಿತಾಗಾರಗಳ ನಡುವೆ ಹಂಚಿಹೋಗಿರುವ ಇಂದಿನ ನಗರದ ಸಾವಿನಲ್ಲಿ ಆ ಹೊತ್ತು ಕಿರಿದಾಗುತ್ತಿದೆ. ಅದಕ್ಕಿಂತ ಮುಖ್ಯವಾಗಿ, ಅದರಲ್ಲಿ ಮನೆಯವರ ಕೈಗಳಿಗೆ ಇದ್ದ ಕೆಲಸ ಕಡಿಮೆಯಾಗುತ್ತಿದೆ.

ಹಳೆಯ ಮೈಸೂರು ಸೀಮೆಯ ಹಳ್ಳಿಗಳಲ್ಲಿ ಮರಣದ ಬೆನ್ನಿಗೇ ಮನೆಯ ಹಿರಿಯರು ಒಂದಿಷ್ಟು ಕೆಲಸಗಳಿಗೆ ತೊಡಗುತ್ತಾರೆ. ಸತ್ತವರ ರೆಪ್ಪೆಗಳನ್ನು ಮುಚ್ಚುವುದು, ಬಾಯಿ ತೆರೆದುಕೊಳ್ಳದಂತೆ ಗದ್ದಕ್ಕೆ ಬಟ್ಟೆ ಕಟ್ಟುವುದು, ಕಾಲಿನ ಹೆಬ್ಬೆರಳುಗಳೆರಡನ್ನೂ ಜೋಡಿಸಿ ಕಟ್ಟುವುದು, ದೇಹವನ್ನು ಹಾಸಿಗೆಯಿಂದ ಇಳಿಸಿ ತಲೆ ದಕ್ಷಿಣಕ್ಕೆ ಬರುವಂತೆ ನೆಲದ ಮೇಲೆ ಮಲಗಿಸುವುದು, ತಲೆದೆಸೆಯಲ್ಲಿ ದೀಪ ಹಚ್ಚಿಡುವುದು ಇವೆಲ್ಲ ಮುಗಿದ ಮೇಲೆ ಸುದ್ದಿ ಊರಿಂದೂರಿಗೆ ಹೋಗುತ್ತದೆ, ನೆಂಟರು ಬರುತ್ತಾರೆ, ತಮಟೆ ಬಡಿಯುತ್ತದೆ. ಆ ಮನೆಯಲ್ಲಿ ಒಲೆ ಹಚ್ಚದಿರುವುದರಿಂದ ನೆರೆಯವರೇ ಊಟ ತಂದುಕೊಡುತ್ತಾರೆ. ಹೆಣ ಎತ್ತುವ ಮುನ್ನ ಮೈ ತೊಳೆದು, ಹೊಸ ಬಟ್ಟೆ ಉಡಿಸಿ, ಚಟ್ಟದ ಮೇಲೆ, ಅಂದರೆ ಬಿದಿರಿನಿಂದ ಆಗಷ್ಟೇ ಕಟ್ಟಿದ ಏಣಿಯಂಥ ಹೊರುವ ಸಾಧನದ ಮೇಲೆ, ಮಲಗಿಸಿದಾಗ ಬಂಧುಗಳು ಒಬ್ಬೊಬ್ಬರಾಗಿ ಬಂದು ಬಾಯಿಗೆ ಅಕ್ಕಿ ಹಾಕುತ್ತಾರೆ. ಹೊರಗಿನಿಂದ ನೋಡಿದವರಿಗೆ ಶಾಸ್ತ್ರದ ಪಾಲನೆಯಂತೆ ಕಾಣುವ ಈ ಸಾಲಿನಲ್ಲಿ ಇನ್ನೊಂದು ವ್ಯವಸ್ಥೆ ಅಡಗಿದೆ: ಮಗ, ಸೊಸೆ, ಅಕ್ಕತಂಗಿ, ಅಳಿಯ, ದೂರದ ದಾಯಾದಿ, ಜೊತೆಗೆ ದುಡಿದ ಆಳು ಹೀಗೆ ಪ್ರತಿಯೊಬ್ಬರಿಗೂ ಸತ್ತವರ ಹತ್ತಿರ ಹೋಗಿ ಮುಖ ನೋಡಿ ಮುಟ್ಟಲು ಒಂದು ಕಾರಣವನ್ನೂ ಒಂದು ಸರದಿಯನ್ನೂ ಅದು ಒದಗಿಸುತ್ತದೆ. ದುಃಖದಲ್ಲಿರುವ ಮನುಷ್ಯನಿಗೆ ತಾನಾಗಿಯೇ ಮುಂದೆ ಹೋಗುವ ಧೈರ್ಯ ಬಾರದಿರಬಹುದು. ಶಾಸ್ತ್ರ ಅವನನ್ನು ಕೈಹಿಡಿದು ಅಲ್ಲಿಗೆ ಕರೆದೊಯ್ಯುತ್ತದೆ.

ಲಿಂಗಾಯತರಲ್ಲಿ ದೇಹವನ್ನು ಮಲಗಿಸುವ ಬದಲು ಕೂರಿಸುವುದು ವಾಡಿಕೆ. ಸ್ನಾನ ಮಾಡಿಸಿ, ಹಣೆಗೂ ಮೈಗೂ ವಿಭೂತಿ ಹಚ್ಚಿ, ಕಾಲುಗಳನ್ನು ಪದ್ಮಾಸನದಂತೆ ಮಡಿಚಿ, ಬೆನ್ನಿಗೆ ಆಸರೆ ಕೊಟ್ಟು ಕೂರಿಸಿದ ದೇಹದ ಎದುರು ಬಂಧುಗಳೂ ಊರವರೂ ಸೇರುತ್ತಾರೆ, ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ರಾತ್ರಿಯಿಡೀ ಭಜನೆ ನಡೆಯುತ್ತದೆ. ಮರುದಿನ ಹೂವಿನಿಂದ ಅಲಂಕರಿಸಿದ, ವಿಮಾನ ಎಂದು ಕರೆಯಲಾಗುವ ಪೀಠದಲ್ಲಿ ಕೂರಿಸಿಯೇ ಮೆರವಣಿಗೆಯಲ್ಲಿ ಒಯ್ದು ಕುಣಿಯಲ್ಲೂ, ಅಂದರೆ ಸಮಾಧಿಗಾಗಿ ತೋಡಿದ ಗುಂಡಿಯಲ್ಲೂ, ಕೂತ ಭಂಗಿಯಲ್ಲೇ ಇಳಿಸಲಾಗುತ್ತದೆ. 2019ರ ಜನವರಿ 21ರಂದು ಸಿದ್ಧಗಂಗಾ ಮಠದ ಶಿವಕುಮಾರ ಸ್ವಾಮೀಜಿ ಲಿಂಗೈಕ್ಯರಾದಾಗ ನಾಡಿನ ಲಕ್ಷಾಂತರ ಜನ ಈ ಬಗೆಯ ದರ್ಶನವನ್ನು ತುಮಕೂರಿನಲ್ಲಿ ಕಣ್ಣಾರೆ, ಉಳಿದವರು ದೂರದರ್ಶನದ ಪರದೆಯ ಮೇಲೆ ಕಂಡರು. ಕೂತಿರುವ ದೇಹದ ಮುಖವು ನೋಡುವವರ ಮುಖದ ಮಟ್ಟಕ್ಕೇ ಇರುತ್ತದೆ. ಎದುರು ಕೂತು ಮಾತಾಡಿಸಿದಂತೆ ಕೊನೆಯ ಮಾತನ್ನಾಡುವುದು ಅಲ್ಲಿ ಸಹಜವಾಗಿ ಸಾಧ್ಯವಾಗುತ್ತದೆ.

ಸಾವಿನ ಮನೆಯಲ್ಲಿ ಹೆಂಗಸರು ಹಾಡಿಕೊಂಡು ಅಳುವ ಪದ್ಧತಿಯನ್ನೂ ಗಮನಿಸಬೇಕು. ಸತ್ತವರ ಹೆಸರು ಹಿಡಿದು ಕರೆಯುತ್ತ, ಅವರು ಮಾಡಿದ್ದನ್ನೂ ಮಾಡದೆ ಹೋದದ್ದನ್ನೂ ಒಂದು ಧಾಟಿಯಲ್ಲಿ ಎಣಿಸುತ್ತ, ಕೆಲವೊಮ್ಮೆ ಬದುಕಿದ್ದಾಗ ಹೇಳಲಾಗದ ದೂರುಗಳನ್ನೂ ನೆರೆದವರ ಮುಂದೆಯೇ ಹೇಳಿಬಿಡುವ ಈ ಅಳು ದೇಹ ಎದುರಿಗಿದ್ದಾಗ ಮಾತ್ರ ಹುಟ್ಟುವಂಥದು. ಅನೇಕ ಸಮುದಾಯಗಳಲ್ಲಿ ಹೆಂಗಸರು ಸ್ಮಶಾನಕ್ಕೆ ಹೋಗದೆ ಮನೆಬಾಗಿಲಲ್ಲೋ ಊರ ಗಡಿಯಲ್ಲೋ ನಿಂತುಬಿಡುತ್ತಾರೆ ಎಂಬುದನ್ನು ನೆನೆದರೆ, ಹೆಂಡತಿ, ತಾಯಿ, ಮಗಳ ಪಾಲಿಗೆ ಮನೆಯಲ್ಲಿ ಕಳೆಯುವ ಆ ಹೊತ್ತೇ ಅಂತ್ಯಕ್ರಿಯೆಯ ಸರ್ವಸ್ವವಾಗಿರುತ್ತದೆ ಎಂಬುದು ಹೊಳೆಯುತ್ತದೆ. ಆಸ್ಪತ್ರೆಯಿಂದ ನೇರವಾಗಿ ಚಿತಾಗಾರಕ್ಕೆ ದೇಹವನ್ನು ಒಯ್ಯುವ ನಿರ್ಧಾರವನ್ನು ಗಂಡಸರು ಅನುಕೂಲದ ದೃಷ್ಟಿಯಿಂದ ಕೈಗೊಂಡಾಗ, ಮನೆಯಲ್ಲಿ ಕಾಯುತ್ತಿದ್ದ ಹೆಂಗಸರಿಂದ ಎಷ್ಟನ್ನು ಕಿತ್ತುಕೊಂಡಂತಾಯಿತು ಎಂಬುದರ ಅರಿವು ಅವರಿಗೆ ಹಲವು ಸಲ ಇರುವುದಿಲ್ಲ.

ಎಲ್ಲ ಸಂಪ್ರದಾಯಗಳೂ ಈ ಹೊತ್ತನ್ನು ಹಿಗ್ಗಿಸುವುದಿಲ್ಲ. ಬ್ರಾಹ್ಮಣರಲ್ಲಿ ದೇಹವು ಮನೆಯಲ್ಲಿರುವಷ್ಟೂ ಕಾಲ ಊಟ ನಿಷಿದ್ಧ; ಯು.ಆರ್. ಅನಂತಮೂರ್ತಿಯವರ 1965ರ ‘ಸಂಸ್ಕಾರ’ ಕಾದಂಬರಿಯಲ್ಲಿ ದೂರ್ವಾಸಪುರದ ಅಗ್ರಹಾರವಿಡೀ ಹಸಿವಿನಿಂದ ಕಂಗೆಡುವುದು ನಾರಣಪ್ಪನ ಶವ ಸಂಸ್ಕಾರವಿಲ್ಲದೆ ಬಿದ್ದಿರುವುದರಿಂದಲೇ. ಇಸ್ಲಾಮಿನಲ್ಲಿ ದಫನು ಆದಷ್ಟು ಬೇಗ ಆಗಬೇಕೆಂಬ ನಿಯಮವಿದೆ. ಆದರೆ ಅಲ್ಲಿಯೂ ಗುಸುಲ್ ಎಂಬ ಸ್ನಾನವನ್ನು ಗಂಡಸರ ದೇಹಕ್ಕೆ ಗಂಡಸರೂ ಹೆಂಗಸರ ದೇಹಕ್ಕೆ ಹೆಂಗಸರೂ, ಸಾಧ್ಯವಾದಷ್ಟು ಹತ್ತಿರದ ನೆಂಟರೇ, ಮೈಯನ್ನು ಬಟ್ಟೆಯಿಂದ ಮರೆಮಾಡಿಕೊಂಡು ಮಾಡಿಸಿ, ಕಫನ್ ಎಂಬ ಹೊಲಿಯದ ಬಿಳಿ ಬಟ್ಟೆಯನ್ನು ಗಂಡಸರಿಗೆ ಮೂರು, ಹೆಂಗಸರಿಗೆ ಐದು ತುಂಡುಗಳಲ್ಲಿ ಸುತ್ತುತ್ತಾರೆ. ಸಮಯ ಕಿರಿದಾದರೂ ಆಪ್ತರ ಕೈ ಮಾತ್ರ ತಪ್ಪುವುದಿಲ್ಲ. ಈ ಹೊತ್ತನ್ನು ತುಂಬುವ ಬಗೆಯೂ ಕಡೆಯಿಂದ ಕಡೆಗೆ ಬೇರೆ: ಕೊಡಗಿನಲ್ಲಿ ಬೆನ್ನುಬೆನ್ನಿಗೆ ಹಾರಿಸಿದ ಎರಡು ಗುಂಡುಗಳ ಸದ್ದು ಸಾವಿನ ಸುದ್ದಿಯನ್ನು ಬೆಟ್ಟದಾಚೆಗೆ ಮುಟ್ಟಿಸುತ್ತಿತ್ತು. ಮಂಗಳೂರಿನ ಕ್ರೈಸ್ತ ಮನೆಗಳಲ್ಲಿ ಪೆಟ್ಟಿಗೆಯ ಸುತ್ತ ಜಪಮಾಲೆಯ ಪ್ರಾರ್ಥನೆ ನಡೆಯುತ್ತದೆ. ಬೇಗ ಮುಗಿಸುವುದೇ ಮನುಷ್ಯರ ಸಾಮಾನ್ಯ ರೀತಿ ಎಂದು ಭಾವಿಸಬೇಕಾಗಿಲ್ಲ: ಜಪಾನಿನಲ್ಲಿ 1948ರ ಕಾನೂನಿನ ಪ್ರಕಾರ ಸಾಮಾನ್ಯವಾಗಿ ಮರಣದ ನಂತರ 24 ಗಂಟೆ ಕಳೆಯದೆ ದಹನವನ್ನಾಗಲಿ ದಫನನ್ನಾಗಲಿ ಮಾಡುವಂತಿಲ್ಲ, ನ್ಯೂಜಿಲೆಂಡಿನ ಮಾವೊರಿ ಜನ ಸುಮಾರು ಮೂರು ದಿನ ದೇಹವನ್ನು ಸಮುದಾಯದ ಅಂಗಳದಲ್ಲಿಟ್ಟು ಒಂದು ಕ್ಷಣವೂ ಒಂಟಿಯಾಗಿ ಬಿಡದೆ ಮಗ್ಗುಲಲ್ಲೇ ಇರುತ್ತಾರೆ.

ಈ ಗಂಟೆಗಳಲ್ಲಿ ದೇಹದೊಳಗೆ ಏನಾಗುತ್ತದೆ ಎಂಬ ತಿಳಿವಳಿಕೆಯಿದ್ದರೆ ಅನೇಕ ಭಯಗಳು ಕಳೆಯುತ್ತವೆ, ಹಿರಿಯರ ಎಷ್ಟೋ ರೂಢಿಗಳ ಹಿಂದಿನ ವಿವೇಕವೂ ಕಾಣುತ್ತದೆ. ಹೃದಯ ನಿಂತೊಡನೆ ಸ್ನಾಯುಗಳೆಲ್ಲ ಸಡಿಲವಾಗುವುದರಿಂದ ದವಡೆ ಜೋಲುತ್ತದೆ, ರೆಪ್ಪೆ ಅರೆತೆರೆದಿರುತ್ತದೆ. ಆಮೇಲೆ ಸ್ನಾಯುವಿನ ಎಳೆಗಳನ್ನು ಬಿಡಿಸಲು ಬೇಕಾದ ಎಟಿಪಿ ಎಂಬ ರಾಸಾಯನಿಕ ಮುಗಿದುಹೋಗಿ, ಎಳೆಗಳು ಒಂದಕ್ಕೊಂದು ಅಂಟಿಕೊಂಡು ಮೈ ಸೆಟೆಯತೊಡಗುತ್ತದೆ. ವೈದ್ಯಶಾಸ್ತ್ರದಲ್ಲಿ ಮರಣೋತ್ತರ ಬಿಗಿತ ಎನ್ನಿಸಿಕೊಳ್ಳುವ ಈ ಸ್ಥಿತಿ ಸಾಮಾನ್ಯವಾಗಿ 2ರಿಂದ 4 ಗಂಟೆಗಳೊಳಗೆ, ಸೆಕೆಯಲ್ಲಿ ಇನ್ನೂ ಬೇಗ, ಮೊದಲು ರೆಪ್ಪೆ, ದವಡೆ, ಕುತ್ತಿಗೆಗಳಲ್ಲಿ ಕಾಣಿಸಿಕೊಂಡು ಕೈಕಾಲುಗಳಿಗೆ ಹಬ್ಬಿ, ಸುಮಾರು 12 ಗಂಟೆಯ ಹೊತ್ತಿಗೆ ಪೂರ್ತಿಯಾಗಿ, ಮುಂದೆ ಒಂದೆರಡು ದಿನಗಳಲ್ಲಿ ತಾನಾಗಿಯೇ ಸಡಿಲುತ್ತದೆ. ಗದ್ದ ಕಟ್ಟುವುದಕ್ಕೂ ಹೆಬ್ಬೆರಳು ಜೋಡಿಸುವುದಕ್ಕೂ ಲಿಂಗಾಯತರು ತಡಮಾಡದೆ ದೇಹವನ್ನು ಕೂರಿಸುವುದಕ್ಕೂ ಈ ಗಡಿಯಾರವೇ ಕಾರಣ. ರಕ್ತವು ತನ್ನ ಭಾರಕ್ಕೆ ಕೆಳಗಿಳಿದು ಬೆನ್ನಿನ ಕಡೆ ನೇರಳೆಗೆಂಪು ಕಲೆಗಳನ್ನು ಮೂಡಿಸುವುದೂ ಸಹಜವೇ. ಅದನ್ನು ಪೆಟ್ಟಿನ ಗುರುತೆಂದು ತಪ್ಪಾಗಿ ತಿಳಿದು ಮನೆಯವರು ಗಾಬರಿಗೊಳ್ಳುವುದುಂಟು. ಮೈ ತೊಳೆಯಲು ದೇಹವನ್ನು ಹೊರಳಿಸಿದಾಗ ಶ್ವಾಸಕೋಶದಲ್ಲಿ ಉಳಿದಿದ್ದ ಗಾಳಿ ಹೊರಬಿದ್ದು ನಿಟ್ಟುಸಿರಿನಂಥ ಸದ್ದಾಗಬಹುದು. ಜೀವ ಇನ್ನೂ ಇದೆಯೆಂಬ ಆಸೆಯನ್ನು ಅದು ಹುಟ್ಟಿಸದಂತೆ ಮೊದಲೇ ತಿಳಿಹೇಳುವುದು ಒಳ್ಳೆಯದು.

ಹೆಣವನ್ನು ಮುಟ್ಟಿದರೆ ರೋಗ ತಗುಲುತ್ತದೆ ಎಂಬ ನಂಬಿಕೆಗೆ ಸಾಮಾನ್ಯ ಮರಣಗಳಲ್ಲಿ ಆಧಾರವಿಲ್ಲ. ಎಬೋಲಾದಂಥ ರಕ್ತಸ್ರಾವದ ಜ್ವರಗಳು, ಕಾಲರಾ ಮುಂತಾದ ಕೆಲವೇ ರೋಗಗಳನ್ನು ಹೊರತುಪಡಿಸಿದರೆ ಸತ್ತವರ ದೇಹ ಸಾಮಾನ್ಯವಾಗಿ ಸೋಂಕು ಹರಡುವುದಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಮತ್ತೆ ಮತ್ತೆ ಹೇಳಿದೆ. ಕ್ಷಯದಂಥ ರೋಗವಿದ್ದವರ ಮೈ ತೊಳೆಯುವಾಗ ಕೈಗವಸು, ಮುಖಗವಸುಗಳಿದ್ದರೆ ಸಾಕು. ಆದರೂ ಭಯಕ್ಕೆ ಅವಕಾಶ ಸಿಕ್ಕಾಗ ಈ ಹೊತ್ತನ್ನು ಸಮಾಜ ಎಷ್ಟು ಸುಲಭವಾಗಿ ಬಿಟ್ಟುಕೊಡುತ್ತದೆ ಎಂಬುದಕ್ಕೆ ಕೋವಿಡ್ ಕಾಲವೇ ಸಾಕ್ಷಿ. ಕೇಂದ್ರ ಆರೋಗ್ಯ ಸಚಿವಾಲಯ 2020ರ ಮಾರ್ಚ್ 15ರಂದು ಹೊರಡಿಸಿದ ಮಾರ್ಗಸೂಚಿಯು ಸ್ನಾನ ಮಾಡಿಸುವುದನ್ನೂ ಅಪ್ಪಿಕೊಳ್ಳುವುದನ್ನೂ ಮುತ್ತಿಡುವುದನ್ನೂ ನಿಷೇಧಿಸಿತ್ತಾದರೂ, ಸಿಬ್ಬಂದಿ ಶವದ ಚೀಲದ ಮುಖದ ಭಾಗದ ಜಿಪ್ ತೆರೆದು ಬಂಧುಗಳಿಗೆ ಕೊನೆಯ ಸಲ ಮುಖ ತೋರಿಸಬಹುದೆಂದೂ, ದೇಹವನ್ನು ಮುಟ್ಟದೆ ಮಾಡುವ ಧಾರ್ಮಿಕ ಕ್ರಿಯೆಗಳಿಗೆ ಅಡ್ಡಿಯಿಲ್ಲವೆಂದೂ, ಚಿತಾಭಸ್ಮದಿಂದ ಯಾವ ಅಪಾಯವೂ ಇಲ್ಲವೆಂದೂ ಅದರಲ್ಲೇ ಹೇಳಲಾಗಿತ್ತು. 2021ರ ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ಬೆಂಗಳೂರಿನ ಚಿತಾಗಾರಗಳ ಮುಂದೆ ಆಂಬುಲೆನ್ಸುಗಳು ಸಾಲುಗಟ್ಟಿ ನಿಂತಾಗ ಕಾಗದದ ಮೇಲಿದ್ದ ಆ ಅವಕಾಶ ಎಷ್ಟೋ ಮನೆಗಳಿಗೆ ದೊರೆಯಲಿಲ್ಲ. ಯಾರೂ ಒಯ್ಯಲು ಬಾರದೆ ಉಳಿದಿದ್ದ ನೂರಾರು ಜನರ ಅಸ್ಥಿಯನ್ನು ಅದೇ ವರ್ಷದ ಜೂನ್ ತಿಂಗಳ ಆರಂಭದಲ್ಲಿ ಮಳವಳ್ಳಿ ತಾಲ್ಲೂಕಿನ ಬೆಳಕವಾಡಿಯ ಬಳಿ ಸರ್ಕಾರವೇ ಕಾವೇರಿಯಲ್ಲಿ ವಿಸರ್ಜಿಸಬೇಕಾಯಿತು.

ನಿಜವಾಗಿಯೂ ಅಪಾಯವಿದ್ದ ಕಡೆಯ ಅನುಭವ ಇದಕ್ಕಿಂತ ಹೆಚ್ಚು ಕಲಿಸುತ್ತದೆ. 2014ರಲ್ಲಿ ಪಶ್ಚಿಮ ಆಫ್ರಿಕದ ಗಿನಿ, ಲೈಬೀರಿಯ, ಸಿಯೆರಾ ಲಿಯೋನ್‌ಗಳಲ್ಲಿ ಎಬೋಲಾ ಹರಡಿದಾಗ ಹೊಸ ಸೋಂಕುಗಳಲ್ಲಿ ಕನಿಷ್ಠ ಶೇ 20ರಷ್ಟು ಅಂತ್ಯಕ್ರಿಯೆಗಳಲ್ಲೇ ತಗುಲುತ್ತಿವೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಲೆಕ್ಕ ಹಾಕಿತ್ತು. ಮೈತುಂಬ ರಕ್ಷಾಕವಚ ತೊಟ್ಟ ತಂಡಗಳು ಬಂದು ದೇಹವನ್ನು ಚೀಲದಲ್ಲಿ ಹಾಕಿ ಒಯ್ದುಬಿಡುತ್ತಿದ್ದುದರಿಂದ ಕುಟುಂಬಗಳು ತಮ್ಮವರ ಸಾವನ್ನು ಮುಚ್ಚಿಟ್ಟು ರಾತ್ರಿ ಗುಟ್ಟಾಗಿ ಹೂಳತೊಡಗಿದವು. ಆ ವರ್ಷದ ನವೆಂಬರಿನಲ್ಲಿ ಧಾರ್ಮಿಕ ಸಂಘಟನೆಗಳ ಜೊತೆ ಕೂತು ರೂಪಿಸಿದ ಹೊಸ ನಿಯಮಾವಳಿಯು ಸುರಕ್ಷೆಯ ಜೊತೆಗೆ ಗೌರವವನ್ನೂ ಸೇರಿಸಿತು: ಕುಟುಂಬದ ಒಪ್ಪಿಗೆ ಪಡೆಯುವುದು, ಮುಸ್ಲಿಮರಿಗೆ ನೀರಿಲ್ಲದ ಸಾಂಕೇತಿಕ ಶುದ್ಧಿಗೂ ಕಫನ್ ಹೊದಿಸುವುದಕ್ಕೂ ಅವಕಾಶ ಕೊಡುವುದು ಮೊದಲಾದವು ಅದರಲ್ಲಿದ್ದವು. ಜನರ ವಿದಾಯದ ಹಕ್ಕನ್ನು ಮನ್ನಿಸದ ಆರೋಗ್ಯ ಕ್ರಮವು ಆರೋಗ್ಯ ಕ್ರಮವಾಗಿಯೂ ಸೋಲುತ್ತದೆ ಎಂಬುದು ಅಲ್ಲಿ ಬೆಲೆ ತೆತ್ತು ಕಲಿತ ಪಾಠ.

ದೇಹವನ್ನು ನೋಡುವುದರಿಂದ ಶೋಕದ ಮೇಲಾಗುವ ಪರಿಣಾಮವನ್ನು ಸಂಶೋಧಕರು ಹಲವು ದಿಕ್ಕುಗಳಿಂದ ಪರಿಶೀಲಿಸಿದ್ದಾರೆ. ಅಮೆರಿಕದ ಪಾಲಿನ್ ಬಾಸ್ ಅವರು ವಿಯೆಟ್ನಾಂ ಯುದ್ಧದಲ್ಲಿ ಕಾಣೆಯಾದ ಸೈನಿಕರ ಕುಟುಂಬಗಳನ್ನು ಅಧ್ಯಯನ ಮಾಡುತ್ತ, ದೇಹವೇ ಸಿಗದಾಗ ಸಾವನ್ನು ಒಪ್ಪಲೂ ಆಗದೆ ಆಸೆಯನ್ನು ಬಿಡಲೂ ಆಗದೆ ಮನಸ್ಸು ಸಿಕ್ಕಿಬೀಳುವ ಸ್ಥಿತಿಗೆ ಅಸ್ಪಷ್ಟ ನಷ್ಟ ಎಂಬ ಹೆಸರು ಕೊಟ್ಟರು. ಇನ್ನೊಂದು ಮುಖ್ಯ ಅಧ್ಯಯನ ಬ್ರಿಟನ್ನಿನ ಅಲಿಸನ್ ಚಾಪಲ್ ಮತ್ತು ಸ್ಯೂ ಝೀಬ್ಲ್ಯಾಂಡ್ ಅವರದು. ಆತ್ಮಹತ್ಯೆ, ಅಪಘಾತ ಮುಂತಾದ ಆಘಾತಕರ ಮರಣಗಳಲ್ಲಿ ಆಪ್ತರನ್ನು ಕಳೆದುಕೊಂಡ 80 ಜನರ ಮಾತುಗಳನ್ನು ಆಧರಿಸಿ 2010ರಲ್ಲಿ ಪ್ರಕಟವಾದ ಅದರ ಪ್ರಕಾರ, ನೋಡಿದವರಲ್ಲಿ ಕೆಲವರಿಗೆ ಆ ದೃಶ್ಯ ತೀವ್ರ ನೋವು ಕೊಟ್ಟಿದ್ದರೂ ನೋಡಿದ್ದಕ್ಕಾಗಿ ಪಶ್ಚಾತ್ತಾಪಪಟ್ಟವರು ವಿರಳ. ಗುರುತಿನಲ್ಲಿ ತಪ್ಪಾಗಿಲ್ಲವೆಂದು ಖಚಿತಪಡಿಸಿಕೊಳ್ಳಲು, ವಿದಾಯ ಹೇಳಲು, ಇನ್ನೂ ತಮ್ಮ ಆರೈಕೆಯಲ್ಲೇ ಇರುವವರೆಂಬ ಭಾವದಿಂದ ಅವರು ನೋಡಲು ಬಯಸಿದ್ದರು. ಆದರೆ ನೋಡುವುದೇ ಎಲ್ಲರಿಗೂ ಹಿತವೆಂದು ಒತ್ತಾಯಿಸುವಂತಿಲ್ಲ. ಹುಟ್ಟುವ ಮೊದಲೇ ತೀರಿಕೊಂಡ ಮಗುವನ್ನು ಎತ್ತಿಕೊಂಡ ತಾಯಂದಿರಲ್ಲಿ ಮುಂದಿನ ಗರ್ಭಧಾರಣೆಯ ವೇಳೆ ಖಿನ್ನತೆ ಹೆಚ್ಚು ಕಂಡುಬಂತೆಂದು 2002ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂದ ಒಂದು ಚಿಕ್ಕ ಅಧ್ಯಯನ ವರದಿ ಮಾಡಿತು. ಬೇರೆ ಅಧ್ಯಯನಗಳು ಇದಕ್ಕೆ ವಿರುದ್ಧವಾದ ಫಲಿತಾಂಶ ಕೊಟ್ಟಿವೆ. ಈ ಭಿನ್ನತೆಯಿಂದ ಹೊರಡುವ ಸಮಂಜಸ ನಿಲುವೆಂದರೆ ನಿರ್ಧಾರ ಬಂಧುಗಳದೇ ಆಗಿರಬೇಕು, ಅದನ್ನು ಕೈಗೊಳ್ಳಲು ಬೇಕಾದ ಮಾಹಿತಿಯನ್ನೂ ಸಮಯವನ್ನೂ ಇತರರು ಒದಗಿಸಬೇಕು ಎಂಬುದು. ನೀವು ನೋಡುವುದು ಬೇಡ, ತಡೆದುಕೊಳ್ಳಲಾರಿರಿ ಎಂದು ಪ್ರೀತಿಯಿಂದಲೇ ತಡೆಯುವ ನೆಂಟರು ತಮಗಿಲ್ಲದ ಅಧಿಕಾರವನ್ನು ಚಲಾಯಿಸುತ್ತಿರುತ್ತಾರೆ.

ಮಕ್ಕಳು ದೂರದೇಶಗಳಲ್ಲಿ ನೆಲೆಸಿರುವ ಈ ಕಾಲದಲ್ಲಿ ಕಾಯುವಿಕೆ ಉದ್ದವಾಗಿದೆ, ಅದರೊಡನೆ ಫ್ರೀಜರ್ ಬಾಕ್ಸ್ ಮನೆಯೊಳಗೆ ಬಂದಿದೆ. ಹಿಂದೆ ಮಂಜುಗಡ್ಡೆಯ ಹಲಗೆಗಳ ಮೇಲೆ ದೇಹವನ್ನಿಟ್ಟು ಕಾಯುತ್ತಿದ್ದವರು ಈಗ ಬಾಡಿಗೆಗೆ ಸಿಗುವ ಗಾಜಿನ ಮುಚ್ಚಳದ ಈ ತಂಪುಪೆಟ್ಟಿಗೆಯಿಂದ ದೇಹವನ್ನು ಕೆಡದಂತೆ ಒಂದೆರಡು ದಿನ ಉಳಿಸಿಕೊಳ್ಳಬಲ್ಲರು. 2021ರ ಅಕ್ಟೋಬರ್ 29ರಂದು ತೀರಿಕೊಂಡ ನಟ ಪುನೀತ್ ರಾಜ್‌ಕುಮಾರ್ ಅವರ ಅಂತ್ಯಕ್ರಿಯೆ ವಿದೇಶದಲ್ಲಿದ್ದ ಮಗಳು ಬಂದು ಸೇರಿದ ಮೇಲೆ, 31ರಂದು ನಡೆಯಿತು. ಆ ನಡುವೆ ಕಂಠೀರವ ಕ್ರೀಡಾಂಗಣದಲ್ಲಿ ಹಗಲಿರುಳು ಹರಿದುಬಂದ ಜನ ಒಂದೇ ಒಂದು ನೋಟಕ್ಕಾಗಿ ಗಂಟೆಗಟ್ಟಲೆ ಸಾಲಿನಲ್ಲಿ ನಿಂತಿದ್ದರು. ಕಾಯಲು ಸಾಧ್ಯವಾಗಿಸಿದ ಪೆಟ್ಟಿಗೆಯಿಂದ ಆದ ಉಪಕಾರ ದೊಡ್ಡದು. ಆದರೆ ಮಂಜು ಕವಿದ ಗಾಜಿನಾಚೆಯ ಮುಖವನ್ನು ಕಾಣಬಹುದೇ ಹೊರತು ಕೆನ್ನೆ ಸವರಲಾಗದು, ಕೈ ಹಿಡಿಯಲಾಗದು. ದೂರದಿಂದ ಬಂದ ಮಗನೋ ಮಗಳೋ ತಲುಪಿದೊಡನೆ ಹೊರಡುವ ಗಡಿಬಿಡಿ ಮಾಡದೆ, ಮುಚ್ಚಳ ತೆಗೆಸಿ ಅರ್ಧ ಗಂಟೆಯಾದರೂ ಅವರನ್ನು ಅಲ್ಲಿ ಕೂರಲು ಬಿಡುವುದು ಯಾವ ಮನೆಗೂ ಕಷ್ಟವಾಗಲಾರದು. ಪುನೀತ್ ಅವರ ಕುಟುಂಬ ಮಾಡಿದಂತೆ ನೇತ್ರದಾನಕ್ಕೆ ಮನಸ್ಸಿದ್ದವರು ಮಾತ್ರ ಮೊದಲ ಗಂಟೆಗಳಲ್ಲಿ ಎಚ್ಚರ ವಹಿಸಬೇಕು: ಸಾವಿನ ನಂತರ 6 ಗಂಟೆಯೊಳಗೆ ಕಾರ್ನಿಯಾವನ್ನು, ಅಂದರೆ ಕಣ್ಣಿನ ಮುಂಭಾಗದ ಪಾರದರ್ಶಕ ಪೊರೆಯನ್ನು, ತೆಗೆಯಬೇಕಾಗಿರುವುದರಿಂದ ಆವರೆಗೆ ರೆಪ್ಪೆ ಮುಚ್ಚಿ ಮೇಲೆ ಒದ್ದೆ ಹತ್ತಿ ಇಟ್ಟು, ತಲೆಯ ಕೆಳಗೆ ದಿಂಬು ಕೊಟ್ಟು, ಫ್ಯಾನ್ ನಿಲ್ಲಿಸಬೇಕು. ಕಣ್ಣು ತೆಗೆಯುವ ಕೆಲಸ ಅರ್ಧ ಗಂಟೆಯೊಳಗೆ ಮುಗಿಯುತ್ತದೆ, ಮುಖ ವಿಕಾರಗೊಳ್ಳುವುದಿಲ್ಲ, ಮುಂದಿನ ವಿಧಿಗಳಿಗೂ ಅಡ್ಡಿಯಾಗುವುದಿಲ್ಲ.

ಕಾನೂನು ಅಡ್ಡಬರುವುದು ಮುಖ್ಯವಾಗಿ ಅಸಹಜ ಮರಣಗಳಲ್ಲಿ. ಆತ್ಮಹತ್ಯೆ, ಅಪಘಾತ, ಅನುಮಾನಾಸ್ಪದ ಸಾವುಗಳಲ್ಲಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 194ನೇ ಸೆಕ್ಷನ್ನಿನ ಅಡಿ ಪೊಲೀಸರು ಶವಮಹಜರು ನಡೆಸಿ, ಅಗತ್ಯವಿದ್ದಾಗ ದೇಹವನ್ನು ಮರಣೋತ್ತರ ಪರೀಕ್ಷೆಗೆ ಕಳಿಸುತ್ತಾರೆ. ಅದು ಮುಗಿಯುವವರೆಗೆ ಬಂಧುಗಳು ಶವಾಗಾರದ ಹೊರಗೆ ಕಾಯಬೇಕು. ಸೂರ್ಯಾಸ್ತದ ನಂತರ ಪರೀಕ್ಷೆ ಮಾಡದ ಬ್ರಿಟಿಷರ ಕಾಲದ ರೂಢಿಯನ್ನು ಕೇಂದ್ರ ಸರ್ಕಾರ 2021ರ ನವೆಂಬರ್ 15ರಂದು ಸಡಿಲಿಸಿ, ಕೊಲೆ, ಆತ್ಮಹತ್ಯೆ, ಅತ್ಯಾಚಾರ ಮೊದಲಾದ ಪ್ರಕರಣಗಳನ್ನು ಬಿಟ್ಟು ಉಳಿದವುಗಳಲ್ಲಿ ಸೌಲಭ್ಯವಿರುವ ಆಸ್ಪತ್ರೆಗಳು ರಾತ್ರಿಯೂ ಪರೀಕ್ಷೆ ನಡೆಸಬಹುದೆಂದು ಹೇಳಿತು. ಬಾಕಿ ಬಿಲ್ಲಿನ ಕಾರಣಕ್ಕೆ ದೇಹವನ್ನು ತಡೆಹಿಡಿಯುವಂತಿಲ್ಲವೆಂಬುದು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ಸಿದ್ಧಪಡಿಸಿದ ರೋಗಿಗಳ ಹಕ್ಕುಗಳ ಸನ್ನದಿನಲ್ಲಿ ಸ್ಪಷ್ಟವಾಗಿದೆ. ಸಂವಿಧಾನದ 21ನೇ ವಿಧಿಯು ಕೊಡುವ ಘನತೆ ಮನುಷ್ಯನ ಮೃತದೇಹಕ್ಕೂ ಸಲ್ಲುತ್ತದೆಂದು ಪರಮಾನಂದ ಕಟಾರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ. ಹಕ್ಕುಗಳಿಗಿಂತ ಸಣ್ಣದಾಗಿ ತೋರುವ ಒಂದು ವಿಷಯದಲ್ಲೂ ಆಸ್ಪತ್ರೆಗಳು ಬಹಳಷ್ಟು ಮಾಡಬಲ್ಲವು. ತೀವ್ರ ನಿಗಾ ಘಟಕದಲ್ಲಿ ಸಾವು ಸಂಭವಿಸಿದಾಗ, ಕಾನೂನಿನ ಅಡ್ಡಿಯಿಲ್ಲದಿದ್ದರೆ, ಕೊಳವೆಗಳನ್ನು ತೆಗೆದು, ಮುಖ ಒರೆಸಿ, ಕೂದಲು ಸರಿಪಡಿಸಿ, ಮಾನಿಟರ್ ಆರಿಸಿ, ಪರದೆ ಎಳೆದು, ಬಂಧುಗಳಿಗೆ ಒಂದು ಕುರ್ಚಿ ಹಾಕಿ, ಒಳಗೆ ಏನನ್ನು ಕಾಣಲಿದ್ದಾರೆಂದು ಮೊದಲೇ ತಿಳಿಸಿ, ಹಾಸಿಗೆಯ ಸಂಖ್ಯೆಯಿಂದ ಕರೆಯದೆ ಸತ್ತವರ ಹೆಸರು ಹಿಡಿದು ಮಾತಾಡುವ ಒಬ್ಬ ನರ್ಸ್ ಇದ್ದರೆ, ಇಪ್ಪತ್ತು ನಿಮಿಷದ ಆ ಭೇಟಿ ಮನೆಯ ಒಂದು ರಾತ್ರಿಯ ಕೆಲಸವನ್ನು ಸ್ವಲ್ಪವಾದರೂ ಮಾಡುತ್ತದೆ.

ಮಕ್ಕಳನ್ನು ಈ ಹೊತ್ತಿನಲ್ಲಿ ನೆರೆಮನೆಗೆ ಕಳಿಸಿಬಿಡುವುದು ನಗರದ ಕುಟುಂಬಗಳಲ್ಲಿ ಬೆಳೆದಿರುವ ಅಭ್ಯಾಸ. ಸತ್ತವರು ಮರಳುವುದಿಲ್ಲ ಎಂಬ ಅರಿವು ಸುಮಾರು 5ರಿಂದ 7ರ ವಯಸ್ಸಿನಲ್ಲಿ ಗಟ್ಟಿಗೊಳ್ಳುತ್ತದೆ. ಅದಕ್ಕಿಂತ ಚಿಕ್ಕವರಿಗೆ ಅಜ್ಜಿ ಮಲಗಿದ್ದಾಳೆ, ಊರಿಗೆ ಹೋಗಿದ್ದಾಳೆ ಎಂದು ಹೇಳಿದರೆ ನಿದ್ದೆಯ ಬಗ್ಗೆಯೋ ಪ್ರಯಾಣದ ಬಗ್ಗೆಯೋ ಭಯ ಹುಟ್ಟಬಹುದು. ಅಜ್ಜಿಯ ಮೈ ಕೆಲಸ ಮಾಡುವುದನ್ನು ನಿಲ್ಲಿಸಿದೆ, ಅವಳಿಗೆ ಈಗ ನೋವಿಲ್ಲ, ಚಳಿಯಿಲ್ಲ, ಮುಟ್ಟಿದರೆ ತಣ್ಣಗಿರುತ್ತದೆ, ಅಮ್ಮ ಅಳುತ್ತಿರಬಹುದು ಎಂದು ಒಳಗೆ ಕರೆದೊಯ್ಯುವ ಮುನ್ನವೇ ಇದ್ದದ್ದನ್ನು ಇದ್ದಂತೆ ಹೇಳಿ, ಬರುತ್ತೀಯಾ ಎಂದು ಕೇಳಿ, ಬರಲೊಲ್ಲದ ಮಗುವನ್ನು ಬಲವಂತಪಡಿಸದೆ, ಬಂದ ಮಗು ಐದು ನಿಮಿಷಕ್ಕೇ ಎದ್ದು ಆಟಕ್ಕೆ ಓಡಿದರೆ ಗದರಿಸದೆ ಇರುವುದು ಹಿರಿಯರ ಹೊಣೆ. ಮಕ್ಕಳು ಒಂದೇ ಪ್ರಶ್ನೆಯನ್ನು ಮುಂದಿನ ವಾರಗಳಲ್ಲಿ ಹತ್ತಾರು ಸಲ ಕೇಳುವುದು ಸಾಮಾನ್ಯ. ಪ್ರತಿ ಸಲವೂ ಅದೇ ಉತ್ತರವನ್ನು ಅದೇ ಮಾತುಗಳಲ್ಲಿ ಕೊಡಬಲ್ಲ ಒಬ್ಬ ದೊಡ್ಡವರನ್ನು, ತಂದೆತಾಯಿಗಳೇ ದುಃಖದಲ್ಲಿ ಮುಳುಗಿರುವಾಗ ಚಿಕ್ಕಪ್ಪನನ್ನೋ ಅತ್ತೆಯನ್ನೋ, ಮೊದಲೇ ಗೊತ್ತುಮಾಡಿಕೊಳ್ಳುವುದು ಮೇಲು.